ಮಂಗಳವಾರದ ಗೊಂಬೆಗಳು

ಅರವತ್ತು ದಾಟಿದ, ಮೊಮ್ಮಕ್ಕಳನ್ನು ಕಂಡ ಹೆಂಗಸೊಬ್ಬಳು ಬಟ್ಟೆಯ ಕಪ್ಪೆಯೊಂದರ ಅಭಿಮಾನಿ ಎಂದರೆ ನೀವು ನಗುತ್ತೀರಿ. ನಗಿ ಸಹೋದರಿಯರೇ, ಬೇಸರವಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಾಗಿದೆ. ಆದರೆ ನಕ್ಕು ಮುಗಿದ ಮೇಲೆ ಐದು ನಿಮಿಷ ನನ್ನ ಮಾತು ಕೇಳಿ. ಸೋತು ನಿಂತುಹೋದ ಒಂದು ಗೊಂಬೆ ಧಾರಾವಾಹಿ ನನ್ನ ತಂಗಿಯ ಮನೆಗೆ ಏನು ಮಾಡಿತು ಎಂಬುದನ್ನು ನಿಮಗೆ ಹೇಳಬೇಕು.

ಈ ಕಪ್ಪೆಯ ಪರಿಚಯ ನನಗೆ ಆದದ್ದು ಕುವೈತಿನಲ್ಲಿ. ಮದುವೆಯಾದ ಮರುವರ್ಷ, 1984ರಲ್ಲಿ, ಶಿವಮೊಗ್ಗದಿಂದ ಸೀದಾ ಸಾಲ್ಮಿಯಾದ ಒಂದು ಸಣ್ಣ ಫ್ಲ್ಯಾಟಿಗೆ ಹೋದೆ. ಯಜಮಾನರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಭಾಷೆ ಬಾರದು, ಹೊರಗೆ ಬಿಸಿಲು, ಒಳಗೆ ಒಂಟಿತನ. ಆಗ ಟಿ.ವಿ.ಯಲ್ಲಿ 'ಇಫ್ತಹ್ ಯಾ ಸಿಮ್‌ಸಿಮ್' ಎಂಬ ಮಕ್ಕಳ ಕಾರ್ಯಕ್ರಮ ಬರುತ್ತಿತ್ತು. ಅಲಿಬಾಬಾನ ಕತೆಯ 'ತೆರೆ ಸಿಮ್‌ಸಿಮ್' ಎಂಬ ಮಾತೇ ಅದರ ಹೆಸರು. ಅಮೆರಿಕದ 'ಸೆಸಮಿ ಸ್ಟ್ರೀಟ್' ಎಂಬ ಪ್ರಸಿದ್ಧ ಕಾರ್ಯಕ್ರಮದ ಅರಬ್ ರೂಪ ಅದು. 1979ರಲ್ಲಿ ಕುವೈತಿನಲ್ಲಿಯೇ ತಯಾರಾಗಿ ಅರಬ್ ನಾಡುಗಳಿಗೆಲ್ಲ ಪ್ರಸಾರವಾಗಿತ್ತು. ನುಅ್‌ಮಾನ್ ಎಂಬ ದೊಡ್ಡ ಗೊಂಬೆ, ಮಲ್‌ಸೂನ್ ಎಂಬ ಗಿಳಿ, ಬದರ್ ಮತ್ತು ಅನೀಸ್ ಎಂಬ ಜಗಳಗಂಟ ಗೆಳೆಯರು. ನಡುವೆ ಕೋಟು ಹಾಕಿಕೊಂಡು ಸುದ್ದಿ ವರದಿ ಮಾಡುವ ಒಂದು ಹಸಿರು ಕಪ್ಪೆ. ಶುದ್ಧ ಅರಬಿಯಲ್ಲಿ ನಿಧಾನವಾಗಿ ಮಾತಾಡುತ್ತಿದ್ದುದರಿಂದ ಮಕ್ಕಳ ಜೊತೆ ನನ್ನಂಥವರೂ ಕಲಿಯಬಹುದಿತ್ತು. ಅಂಗಡಿಯಲ್ಲಿ 'ಎಷ್ಟು?' ಎಂದು ಕೇಳಲು ನನಗೆ ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಆ ಗೊಂಬೆಗಳು. 1985ರಲ್ಲಿ ಮಗ ಹುಟ್ಟಿದ ಮೇಲೆ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಇಬ್ಬರೂ ನೋಡುತ್ತಿದ್ದೆವು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಉಳಿದದ್ದು ನಿಮಗೆ ಗೊತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಬಸ್ಸುಗಳಲ್ಲಿ ಬಗ್ದಾದ್ ದಾಟಿ, ಜೋರ್ಡಾನಿನ ಅಮ್ಮಾನಿಗೆ ಬಂದು, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿ ತಲುಪಿದರು. ಅವರಲ್ಲಿ ನಾವು ಮೂವರು. ಎರಡು ಚೀಲ ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ದಾರಿಯಲ್ಲಿ ಮಗ ಕೇಳಿದ ಒಂದೇ ಪ್ರಶ್ನೆ: "ಅಮ್ಮಿ, ಬದರ್ ಮತ್ತು ಅನೀಸ್ ಎಲ್ಲಿಗೆ ಹೋದರು?" ಆ ಕಾರ್ಯಕ್ರಮದ ಹೊಸ ಕಂತುಗಳೂ ಆ ಯುದ್ಧದೊಂದಿಗೇ ನಿಂತುಹೋದವು. ಅದೇ ವರ್ಷದ ಮೇ ತಿಂಗಳಲ್ಲಿ, ಆ ಹಸಿರು ಕಪ್ಪೆಯನ್ನು ಸೃಷ್ಟಿಸಿದ ಜಿಮ್ ಹೆನ್ಸನ್ ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದರು. ಆಗ ಅವರ ವಯಸ್ಸು 53. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಆ ಕಪ್ಪೆಯ ಹುಟ್ಟಿನ ಕತೆ ಗೃಹಿಣಿಯರಾದ ನಮಗೆ ಇಷ್ಟವಾಗುವಂಥದ್ದು. 1955ರಲ್ಲಿ ಹೆನ್ಸನ್ ಇನ್ನೂ ಹದಿಹರೆಯದ ಹುಡುಗ. ತಾಯಿ ಹಾಕಿ ಬಿಟ್ಟಿದ್ದ ಹಳೆಯ ಕೋಟಿನ ಬಟ್ಟೆ ಕತ್ತರಿಸಿ ಹೊಲಿದು, ಒಂದು ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣುಗಳನ್ನಾಗಿ ಅಂಟಿಸಿದರು. ಅದೇ ಕರ್ಮಿಟ್. ಹಳೆಯ ಸೀರೆಯಿಂದ ಕೌದಿ ಹೊಲಿಯುವ ನಮಗೆ ಇದು ಹೊಸದೇನಲ್ಲ. ನಮ್ಮ ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ಮೇಲಿನಿಂದ ದಾರ ಹಿಡಿದು ಕುಣಿಸುತ್ತಾರೆ. ಈ 'ಮಪೆಟ್' ಗೊಂಬೆಗಳನ್ನು ಆಡಿಸುವುದು ಕೆಳಗಿನಿಂದ. ಕಲಾವಿದರು ಒಂದು ಕೈಯನ್ನು ಗೊಂಬೆಯ ತಲೆಯೊಳಗೆ ತೂರಿಸಿ ಬಾಯಿ ಆಡಿಸುತ್ತಾರೆ, ಇನ್ನೊಂದು ಕೈಯಿಂದ ತೆಳ್ಳನೆಯ ಕಡ್ಡಿ ಹಿಡಿದು ಗೊಂಬೆಯ ಕೈ ಆಡಿಸುತ್ತಾರೆ. ಕ್ಯಾಮೆರಾಕ್ಕೆ ಕಾಣದಂತೆ ಕೆಳಗೆ ನಿಂತು, ತಮ್ಮ ಮುಂದಿನ ಸಣ್ಣ ಟಿ.ವಿ. ಪರದೆಯಲ್ಲಿ ಗೊಂಬೆಯ ಚಲನೆ ನೋಡಿಕೊಳ್ಳುತ್ತಾರೆ. ಕರ್ಮಿಟ್‌ನ ಮುಖದಲ್ಲಿ ಯಂತ್ರ ಎಂಬುದೇ ಇಲ್ಲ. ಒಳಗಿನ ಬೆರಳುಗಳು ಸ್ವಲ್ಪ ಮಡಚಿದರೆ ಅದಕ್ಕೆ ದುಃಖ, ಮುಷ್ಟಿ ಬಿಗಿದರೆ ಸಿಟ್ಟು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ.

2015ರ ಸೆಪ್ಟೆಂಬರಿನಲ್ಲಿ ನಾನು ಅಮೆರಿಕಕ್ಕೆ ಹೋದೆ. ಪ್ರವಾಸಕ್ಕಲ್ಲ. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿ ಅಲ್ಲಿನ ಪೂರ್ವ ಭಾಗದ ಒಂದು ಊರಿನಲ್ಲಿದ್ದಳು. ಜೂನ್ ತಿಂಗಳಿನಿಂದ ಅವಳೂ ಅವಳ ಗಂಡನೂ ಬೇರೆ ಬೇರೆ. ಅವರು ಇನ್ನೊಂದು ರಾಜ್ಯಕ್ಕೆ ಹೋಗಿ ನೆಲೆಸಿದ್ದರು. ಯಾರ ತಪ್ಪು ಎಂದು ಕೇಳಬೇಡಿ. ಇಬ್ಬರೂ ಒಳ್ಳೆಯವರು, ಆದರೆ ಜೊತೆಗೆ ಬಾಳಲು ಅವರಿಂದ ಆಗಲಿಲ್ಲ. ಶಿವಮೊಗ್ಗದಲ್ಲಿ ನಮ್ಮ ಅಮ್ಮಿಗೂ, ಬಂಧುಗಳಿಗೂ ಈ ಸುದ್ದಿ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಂಟು ವರ್ಷದ ಮಗನಿಗೆ ಗೊತ್ತಿರಲಿಲ್ಲ. 'ಅಬ್ಬಾ ಪ್ರಾಜೆಕ್ಟ್ ಕೆಲಸದ ಮೇಲೆ ಹೋಗಿದ್ದಾರೆ' ಎಂದು ಅವನಿಗೆ ಹೇಳಿದ್ದರು. ತಂಗಿ ಫೋನಿನಲ್ಲಿ ಅತ್ತುಕೊಂಡು, "ಆಪಾ, ಆರು ತಿಂಗಳು ಬಂದು ನನ್ನ ಜೊತೆ ಇರು" ಎಂದಳು. ಹೋದೆ.

ಹೋದ ವಾರದಲ್ಲೇ ಅಲ್ಲಿನ ಟಿ.ವಿ.ಯಲ್ಲಿ ಒಂದು ಜಾಹೀರಾತು ಕಂಡು ಕುರ್ಚಿಯಿಂದ ಎದ್ದು ನಿಂತೆ. ನನ್ನ ಹಳೆಯ ಕುವೈತಿನ ಕಪ್ಪೆ! ಎ.ಬಿ.ಸಿ. ವಾಹಿನಿಯಲ್ಲಿ 'ದಿ ಮಪೆಟ್ಸ್' ಎಂಬ ಹೊಸ ಹಾಸ್ಯ ಧಾರಾವಾಹಿ, ಸೆಪ್ಟೆಂಬರ್ 22ರಿಂದ, ಪ್ರತಿ ಮಂಗಳವಾರ ರಾತ್ರಿ 8 ಗಂಟೆಗೆ. ಹುಡುಗನೂ ಕುಣಿದ. ಅಂದಿನಿಂದ ಮಂಗಳವಾರ ರಾತ್ರಿ ನಮ್ಮದಾಯಿತು. ಬೇಗ ಊಟ ಮುಗಿಸಿ, ಒಂದು ಬಟ್ಟಲು ಹುರಿದ ಕಡಲೆಕಾಯಿ ಇಟ್ಟುಕೊಂಡು ಇಬ್ಬರೂ ಸೋಫಾದ ಮೇಲೆ. ತಂಗಿ ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಕಿವಿ ಮಾತ್ರ ಇತ್ತ ಇಟ್ಟಿರುತ್ತಿದ್ದಳು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಧಾರಾವಾಹಿಯ ನಾಯಕಿ ಮಿಸ್ ಪಿಗ್ಗಿ ಒಂದು ಹಂದಿ. ಫೋನಿನಲ್ಲಿ ಮೊಮ್ಮಗ ಉತ್ಸಾಹದಿಂದ ಹೇಳಿದಾಗ ನಮ್ಮ ಅಮ್ಮಿ, "ತೌಬಾ! ಅಷ್ಟು ದೂರ ಹೋಗಿ ನೀನು ಮಗುವಿಗೆ ಹಂದಿಯ ಆಟ ತೋರಿಸ್ತಾ ಇದ್ದೀಯಾ?" ಎಂದು ನನ್ನನ್ನು ಬೈದರು. "ಅಮ್ಮಿ, ಅದು ಬರೀ ಬಟ್ಟೆ, ಸ್ಪಂಜು. ತಿನ್ನುವುದಿಲ್ಲ, ನೋಡುವುದು ಮಾತ್ರ" ಎಂದೆ. "ಬೆಕ್ಕಿನ ಗೊಂಬೆ ಮಾಡೋಕೆ ಅವರಿಗೆ ಏನಾಗಿತ್ತು?" ಎಂದರು ಅಮ್ಮಿ. ಈ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಮೊದಲ ಕಂತು ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಕತೆ ಇಷ್ಟು. ಮಿಸ್ ಪಿಗ್ಗಿ ಒಂದು ರಾತ್ರಿ ಕಾರ್ಯಕ್ರಮದ ನಿರೂಪಕಿ. ಕರ್ಮಿಟ್ ಅದರ ನಿರ್ಮಾಪಕ. ಒಂದು ಕಾಲದಲ್ಲಿ ಜೋಡಿಯಾಗಿದ್ದ ಇಬ್ಬರೂ ಈಗ ಬೇರೆಯಾಗಿದ್ದಾರೆ. ಆದರೆ ದಿನಾ ಒಂದೇ ಕಚೇರಿಯಲ್ಲಿ ಮುಖ ನೋಡಿಕೊಂಡು ಕೆಲಸ ಮಾಡಬೇಕು. ಕರ್ಮಿಟ್‌ಗೆ ಡೆನೀಸ್ ಎಂಬ ಇನ್ನೊಬ್ಬ ಗೆಳತಿಯೂ ಆಗಿದ್ದಾಳೆ. ಪ್ರಸಾರಕ್ಕೆ ಮೊದಲೇ, ಆಗಸ್ಟ್ ತಿಂಗಳಿನಲ್ಲಿ, ಕಪ್ಪೆ ಮತ್ತು ಹಂದಿ ಬೇರೆಯಾದ ಸುದ್ದಿಯನ್ನು ಪ್ರಚಾರಕ್ಕಾಗಿ ಜಗತ್ತಿಗೆಲ್ಲ ಸಾರಿದ್ದರಂತೆ. ನಿಜವಾದ ಮನುಷ್ಯರ ಸುದ್ದಿಯಂತೆ ಪತ್ರಿಕೆಗಳೆಲ್ಲ ಅದನ್ನು ಬರೆದಿದ್ದವು. ಯೋಚಿಸಿ ನೋಡಿ. ಬಟ್ಟೆಯ ಗೊಂಬೆಗಳು ಬೇರೆಯಾದದ್ದು ಊರಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಬೇರೆಯಾದವರ ಸುದ್ದಿ ಅವರ ಮಗನಿಗೇ ಗೊತ್ತಿಲ್ಲ!

ನಾನು ರಿಮೋಟಿಗೆ ಕೈ ಹಾಕಿದೆ. ಹುಡುಗ, "ಇರಲಿ ಖಾಲಾ, ನೋಡೋಣ" ಎಂದ. ಕಂತು ಮುಗಿದ ಮೇಲೆ ಒಂದೇ ಮಾತು ಹೇಳಿದ: "ಬೇರೆ ಆದರೂ ಒಂದೇ ಆಫೀಸಿನಲ್ಲಿ ಇದ್ದಾರೆ ಅಲ್ವಾ?" ಮಕ್ಕಳ ಮಾತು ಎಂದು ನಾನು ಸುಮ್ಮನಾದೆ.

ಆ ಮೊದಲ ಕಂತನ್ನು ಸುಮಾರು 90 ಲಕ್ಷ ಜನ ನೋಡಿದ್ದರು. ಆಮೇಲೆ ವಾರದಿಂದ ವಾರಕ್ಕೆ ಸಂಖ್ಯೆ ಇಳಿಯುತ್ತಾ ಹೋಯಿತು. ಪ್ರಸಾರಕ್ಕೆ ಮೊದಲೇ 'ಒನ್ ಮಿಲಿಯನ್ ಮಾಮ್ಸ್' ಎಂಬ ತಾಯಂದಿರ ಸಂಘಟನೆಯೊಂದು ಈ ಧಾರಾವಾಹಿ ಮಕ್ಕಳಿಗೆ ತಕ್ಕದ್ದಲ್ಲ, ನಿಲ್ಲಿಸಬೇಕು ಎಂದು ಒತ್ತಾಯಿಸಿತ್ತು. ತಾಯಿಯಾಗಿ ನನಗೆ ಅವರ ಆತಂಕ ಅರ್ಥವಾಗುತ್ತದೆ. ಕುಡಿತದ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಕೆಲವು ಮಾತುಗಳು ಬಂದಾಗ ನಾನೂ ಕಡಲೆಕಾಯಿ ತರುವ ನೆಪದಲ್ಲಿ ಹುಡುಗನನ್ನು ಒಳಗೆ ಕಳಿಸಿದ್ದುಂಟು. ಆದರೆ ನೋಡದೆಯೇ ತೀರ್ಪು ಕೊಡುವುದು ಸರಿಯೇ? ಹೊಸದಾಗಿ ಬಂದ ಸೊಸೆ ಮಾಡಿದ ಸಾರನ್ನು ರುಚಿ ನೋಡದೆ 'ಉಪ್ಪು ಜಾಸ್ತಿ' ಎನ್ನುವ ಅತ್ತೆಯಂತಾಯಿತು ಅದು.

ಅಭಿಮಾನಿಯಾದ ಮಾತ್ರಕ್ಕೆ ನಾನು ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಧಾರಾವಾಹಿ ನಿಜಕ್ಕೂ ತಡವರಿಸುತ್ತಿತ್ತು. ನನ್ನ ಲೆಕ್ಕದಲ್ಲಿ ಅದಕ್ಕೆ ಮೂರು ಕಾರಣ.

ಮೊದಲನೆಯದು, ಕಪ್ಪೆಯ ಸ್ವಭಾವವೇ ಬದಲಾಗಿತ್ತು. ಹಳೆಯ ಕರ್ಮಿಟ್ ಹುಚ್ಚರ ಸಂತೆಯ ನಡುವೆ ತಾಳ್ಮೆ ಕಳೆದುಕೊಳ್ಳದ ಯಜಮಾನ. ಸಿಟ್ಟು ಬಂದರೂ ಆಮೇಲೆ ಎಲ್ಲರನ್ನೂ ಒಟ್ಟುಗೂಡಿಸುವವನು. ಹೊಸ ಕರ್ಮಿಟ್ ದಣಿದ, ಚುಚ್ಚಿ ಮಾತಾಡುವ ಮೇಲಧಿಕಾರಿ. ಮನೆಯ ಹಿರಿಯರೇ ಕಹಿಯಾದರೆ ಮನೆ ಹೇಗೆ ಸಿಹಿಯಾದೀತು?

ಎರಡನೆಯದು, ಇದು ಯಾರಿಗಾಗಿ ಎಂಬುದೇ ತಿಳಿಯುತ್ತಿರಲಿಲ್ಲ. ಮಕ್ಕಳಿಗೆ ಕಚೇರಿಯ ರಾಜಕೀಯ ಅರ್ಥವಾಗದು. ದೊಡ್ಡವರು ಗೊಂಬೆ ಎಂದು ಚಾನೆಲ್ ಬದಲಿಸುತ್ತಾರೆ. ಸಾಕ್ಷ್ಯಚಿತ್ರದಂತೆ ಚಿತ್ರಿಸಿ, ಪಾತ್ರಗಳು ನಡುನಡುವೆ ಕ್ಯಾಮೆರಾ ಮುಂದೆ ಕುಳಿತು ಮನಸ್ಸಿನ ಮಾತು ಹೇಳುವ ಶೈಲಿ ಬೇರೆ. ಅದು ಆಗಲೇ ಹಲವು ಧಾರಾವಾಹಿಗಳಲ್ಲಿ ಹಳತಾಗಿತ್ತು.

ಮೂರನೆಯದು ನನಗೆ ಹೆಚ್ಚು ನೋವು ಕೊಟ್ಟದ್ದು. ಯಾರೂ ಅದಕ್ಕೆ ಸಮಯ ಕೊಡಲಿಲ್ಲ. ಹಳೆಯ 'ಮಪೆಟ್ ಶೋ' ಕತೆ ಕೇಳಿ. ಎಪ್ಪತ್ತರ ದಶಕದಲ್ಲಿ ಅಮೆರಿಕದ ದೊಡ್ಡ ವಾಹಿನಿಗಳು 'ಗೊಂಬೆಗಳು ಮಕ್ಕಳಿಗೆ ಮಾತ್ರ' ಎಂದು ಹೆನ್ಸನ್‌ರನ್ನು ಹಿಂದಕ್ಕೆ ಕಳಿಸಿದ್ದವು. ಇಂಗ್ಲೆಂಡಿನ ಲ್ಯೂ ಗ್ರೇಡ್ ಎಂಬ ನಿರ್ಮಾಪಕರು ಹಣ ಹಾಕಿದರು. ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಚಿತ್ರೀಕರಣವಾಯಿತು. ಮೊದಲ ವರ್ಷ ಅತಿಥಿಗಳಾಗಿ ಬರಲು ದೊಡ್ಡ ತಾರೆಯರು ಹಿಂಜರಿದರು. ಪ್ರಸಿದ್ಧ ನೃತ್ಯಗಾರ ರುಡಾಲ್ಫ್ ನುರೆಯೆವ್ ಬಂದು ಗೊಂಬೆಗಳ ಜೊತೆ ಕುಣಿದ ಮೇಲೆ ಇತರ ತಾರೆಯರೂ ಮನಸ್ಸು ಮಾಡಿದರು. 1976ರಿಂದ 1981ರವರೆಗೆ 120 ಕಂತುಗಳು, ನೂರಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರ. ಅದಕ್ಕೆ ಎಡವಿ ಏಳಲು ಅವಕಾಶವಿತ್ತು. 2004ರಲ್ಲಿ ಈ ಗೊಂಬೆಗಳನ್ನು ಡಿಸ್ನಿ ಕಂಪೆನಿ ಕೊಂಡಿತ್ತು. 2015ರ ಧಾರಾವಾಹಿಗೆ ಸಿಕ್ಕಿದ್ದು ಬರೀ 16 ಕಂತು.

ಇಷ್ಟೆಲ್ಲ ಇದ್ದರೂ ನಾವು ಯಾಕೆ ನೋಡುತ್ತಿದ್ದೆವು? ಒಳಗೆ ಇನ್ನೂ ಜೀವವಿತ್ತು. ಮೊದಲ ಕಂತಿನಲ್ಲೇ ಫಾಝಿ ಎಂಬ ಕರಡಿ ಒಬ್ಬ ಮನುಷ್ಯ ಹುಡುಗಿಯನ್ನು ಮೆಚ್ಚಿ ಅವಳ ಮನೆಗೆ ಊಟಕ್ಕೆ ಹೋಗುತ್ತಾನೆ. ಅವಳ ತಂದೆ ತಾಯಿ ಕರಡಿ ಅಳಿಯನನ್ನು ಹೇಗೆ ಒಪ್ಪಿಯಾರು? ಅವರ ಮುಖ ನೋಡಿ ನಾನು ನಕ್ಕು ನಕ್ಕು ಕಣ್ಣೀರು ಹಾಕಿದೆ. ಹೆಣ್ಣು ಕೊಡುವ ಮನೆಯಲ್ಲಿ ಇಂಥ ಮುಖಗಳನ್ನು ನೀವೂ ನೋಡಿರಬೇಕು. ಬಾಲ್ಕನಿಯಲ್ಲಿ ಕುಳಿತು ಎಲ್ಲದಕ್ಕೂ ಕೊಂಕು ನುಡಿಯುವ ಸ್ಟ್ಯಾಟ್ಲರ್, ವಾಲ್ಡಾರ್ಫ್ ಎಂಬ ಇಬ್ಬರು ಮುದುಕರು ಹಳಬರೇ. ನಮ್ಮ ಮದುವೆ ಮನೆಗಳ ಮೊದಲ ಸಾಲಿನಲ್ಲಿ ಅವರ ಅಣ್ಣತಮ್ಮಂದಿರನ್ನು ಎಷ್ಟು ಕಂಡಿಲ್ಲ!

ನವೆಂಬರಿನಲ್ಲಿ ಸುದ್ದಿ ಬಂತು. ಧಾರಾವಾಹಿಯ ಹೊಣೆ ಹೊತ್ತಿದ್ದ ಇಬ್ಬರಲ್ಲಿ ಒಬ್ಬರಾದ ಬಾಬ್ ಕುಶೆಲ್ ಹೊರಟುಹೋದರು. ಅವರ ಜಾಗಕ್ಕೆ ಕ್ರಿಸ್ಟಿನ್ ನ್ಯೂಮನ್ ಎಂಬ ಬರಹಗಾರ್ತಿ ಬಂದರು. ಡಿಸೆಂಬರ್ ನಂತರ ಕೆಲವು ವಾರ ಪ್ರಸಾರವಿರಲಿಲ್ಲ. ಕುಸಿಯುತ್ತಿದ್ದ ಮನೆಯನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟು 'ನೀನೇ ನೇರ್ಪಡಿಸು' ಎಂದಂತಾಯಿತು. ನಮಗೆ ಇದು ತಿಳಿಯದ ಸಂಗತಿಯೇ? ಎಲ್ಲ ಕೆಟ್ಟ ಮೇಲೆ ಕೀಲಿಕೈ ನಮ್ಮ ಕೈಗೆ ಬರುತ್ತದೆ.

ಫೆಬ್ರವರಿ 2, 2016ರಂದು ಧಾರಾವಾಹಿ ಮರಳಿ ಬಂತು. ಬಂದ ಮೊದಲ ಕಂತಿನಲ್ಲೇ ಅವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡರು. ವಾಹಿನಿಯವರು ಕಾರ್ಯಕ್ರಮ ಸುಧಾರಿಸಲು ಪಾಚೆ ಎಂಬ ಸಲಹೆಗಾರನನ್ನು ಕಳಿಸುತ್ತಾರೆ. ಆ ಪಾತ್ರ ಮಾಡಿದವರು ಭಾರತೀಯ ಮೂಲದ ನಟ ಉತ್ಕರ್ಷ್ ಅಂಬುಡ್ಕರ್. ಮುಂದಿನ ವಾರ ಮಿಸ್ ಪಿಗ್ಗಿಯ ಬಾಲ ಎಲ್ಲರೆದುರು ಉಡುಪಿನಿಂದ ಹೊರಬಿದ್ದು ಅವಳು ನಾಚಿಕೆಯಿಂದ ಕುಗ್ಗುತ್ತಾಳೆ. ಆಮೇಲೆ, ಇರುವುದನ್ನು ಮುಚ್ಚಿಕೊಳ್ಳುವುದೇಕೆ ಎಂದು ತಲೆಯೆತ್ತಿ ನಿಲ್ಲುತ್ತಾಳೆ. ಬಣ್ಣ, ತೂಕ, ಎತ್ತರ ಎಂದು ಹೆಣ್ಣುಮಕ್ಕಳನ್ನು ಅಳೆದು ತೂಗುವ ಎಲ್ಲ ಊರುಗಳಿಗೂ ಆ ಕಂತು ಸಲ್ಲುತ್ತದೆ. ಪಾತ್ರೆ ತೊಳೆಯುತ್ತಿದ್ದ ತಂಗಿ ಅಂದು ಮೊದಲ ಬಾರಿಗೆ ಕೈ ಒರೆಸಿಕೊಂಡು ಬಂದು ನಮ್ಮ ಪಕ್ಕ ಕುಳಿತಳು. ಮಾತುಗಳಲ್ಲಿ ಚುಚ್ಚು ಕಡಿಮೆಯಾಗಿತ್ತು. ಕರ್ಮಿಟ್ ಮತ್ತೆ ಕರ್ಮಿಟ್ ಆಗುತ್ತಿದ್ದ.

ಫೆಬ್ರವರಿ 23ರ ಕಂತು. ಸಹೋದರಿಯರೇ, ಇದನ್ನು ಬರೆಯಲೆಂದೇ ಇಷ್ಟು ದೂರ ನಿಮ್ಮನ್ನು ಕರೆತಂದೆ.

ಕರ್ಮಿಟ್‌ಗೆ ರಾಬಿನ್ ಎಂಬ ಪುಟ್ಟ ಸೋದರನ ಮಗನಿದ್ದಾನೆ. ಅವನೂ ಕಪ್ಪೆಯೇ. ಅವನು ಊರಿಗೆ ಬರುತ್ತಾನೆ. ಕರ್ಮಿಟ್ ಮತ್ತು ಪಿಗ್ಗಿ ಬೇರೆಯಾದ ವಿಷಯ ಆ ಮಗುವಿಗೆ ಗೊತ್ತಿಲ್ಲ. ಅವನ ಮನಸ್ಸು ನೋಯಿಸಬಾರದೆಂದು ಇಬ್ಬರೂ ಇನ್ನೂ ಒಟ್ಟಿಗೇ ಇರುವಂತೆ ನಟಿಸುತ್ತಾರೆ. ಸುತ್ತ ಇರುವವರೂ ಆ ನಾಟಕಕ್ಕೆ ಸೇರುತ್ತಾರೆ.

ನಾನು ತಂಗಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಟಿ.ವಿ.ಯಲ್ಲಿ ನಗುವಿನ ದೃಶ್ಯವೇ ನಡೆಯುತ್ತಿತ್ತು. ನಮ್ಮ ಹುಡುಗ ಮಾತ್ರ ನಗಲಿಲ್ಲ.

"ಖಾಲಾ, ರಾಬಿನ್‌ಗೆ ಗೊತ್ತಿದೆ" ಎಂದ.

"ಇಲ್ಲಪ್ಪಾ, ಅವನಿಗೆ ಇನ್ನೂ ಗೊತ್ತಿಲ್ಲ. ಅದಕ್ಕೇ ತಾನೇ ಇಬ್ಬರೂ ನಾಟಕ ಮಾಡ್ತಿರೋದು?"

"ಗೊತ್ತಿರುತ್ತೆ ಖಾಲಾ. ದೊಡ್ಡವರಿಗೆ ಬೇಜಾರಾಗುತ್ತೆ ಅಂತ ಅವನೂ ನಾಟಕ ಮಾಡ್ತಿರ್ತಾನೆ."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ ಅವನೇ ಮುಂದುವರಿಸಿದ. "ಅಬ್ಬಾ ಕಪಾಟು ಖಾಲಿ ಇದೆ. ಪ್ರಾಜೆಕ್ಟಿಗೆ ಹೋಗೋರು ಚಳಿಯ ಕೋಟು, ಈದ್ ಶೇರ್ವಾನಿ, ಎಲ್ಲಾ ತಗೊಂಡು ಹೋಗ್ತಾರಾ? ನಂಗೆ ಸಮ್ಮರ್ ರಜೆಯಲ್ಲೇ ಗೊತ್ತಿತ್ತು. ಅಮ್ಮಿ ಅಳ್ತಾರೆ ಅಂತ ಕೇಳಲಿಲ್ಲ."

ತಂಗಿ ಟಿ.ವಿ. ಆರಿಸಿದಳು. ಆ ಕಂತಿನ ಉಳಿದ ಭಾಗವನ್ನು ನಾವು ನೋಡಲಿಲ್ಲ. ಅವನನ್ನು ಎಳೆದು ಮಡಿಲಿಗೆ ಹಾಕಿಕೊಂಡು ಅವಳು ಅತ್ತಳು. ಅವನು ಅವಳ ಬೆನ್ನು ತಟ್ಟುತ್ತಿದ್ದ. ಎಂಟು ವರ್ಷದ ಮಗು, ಎಂಟು ತಿಂಗಳು, ಆ ಭಾರವನ್ನು ಒಬ್ಬನೇ ಹೊತ್ತು ನಡೆದಿತ್ತು. ಅವನನ್ನು ಕಾಪಾಡುತ್ತಿದ್ದೇವೆ ಎಂದು ನಾವು ತಿಳಿದಿದ್ದೆವು. ಅವನೇ ನಮ್ಮನ್ನು ಕಾಪಾಡುತ್ತಿದ್ದ.

ಸೆಪ್ಟೆಂಬರಿನ ಆ ಮಾತು ನನಗೆ ಆಗ ನೆನಪಾಯಿತು. 'ಬೇರೆ ಆದರೂ ಒಂದೇ ಆಫೀಸಿನಲ್ಲಿ ಇದ್ದಾರೆ ಅಲ್ವಾ?' ಅವನು ಪ್ರತಿ ಮಂಗಳವಾರ ಕುಳಿತು ನೋಡುತ್ತಿದ್ದುದು ಹಾಸ್ಯವನ್ನಲ್ಲ. ಬೇರೆಯಾದ ಇಬ್ಬರು ಹೇಗೆ ಮಾತಾಡುತ್ತಾರೆ, ಹೇಗೆ ಜಗಳವಾಡುತ್ತಾರೆ, ಒಬ್ಬರಿಗೆ ಕಷ್ಟ ಬಂದಾಗ ಇನ್ನೊಬ್ಬರು ಬರುತ್ತಾರೋ ಇಲ್ಲವೋ ಎಂಬುದನ್ನು. ಅವನಿಗೆ ಇದನ್ನು ಹೇಳಿಕೊಡುವವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾವು ಬಾಯಿ ಮುಚ್ಚಿ ಕುಳಿತಿದ್ದೆವು. ತಡವರಿಸುತ್ತಿದ್ದ ಒಂದು ಗೊಂಬೆ ಧಾರಾವಾಹಿ ಮಾತ್ರ ಆ ವಿಷಯ ಮಾತಾಡುತ್ತಿತ್ತು.

ಅಂದು ರಾತ್ರಿಯೇ ತಂಗಿ ಅವನ ತಂದೆಗೆ ಫೋನ್ ಮಾಡಿದಳು. ಮೂವರೂ ಮಾತಾಡಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಡೆಯಾಚೆಯಿಂದ ಮೊದಲು ಅಳು ಕೇಳಿಸಿತು. ತುಂಬಾ ಹೊತ್ತಿನ ಮೇಲೆ ಹುಡುಗನ ಧ್ವನಿ, ಶಾಲೆಯಲ್ಲಿ ನಡೆದ ಯಾವುದೋ ಸಂಗತಿ ಹೇಳುತ್ತಿತ್ತು. ಆ ಸಾಮಾನ್ಯ ಧ್ವನಿ ಕೇಳಿ ನನಗೆ ನಿದ್ದೆ ಬಂತು. ಮಾರನೆಯ ವಾರ ಶಿವಮೊಗ್ಗದ ಅಮ್ಮಿಗೂ ಹೇಳಿದೆವು. ಅಮ್ಮಿ ಅಷ್ಟು ಹೊತ್ತು ಸುಮ್ಮನಿದ್ದು, "ಮಗು ಊಟ ಮಾಡ್ತಾನಾ?" ಎಂದಷ್ಟೇ ಕೇಳಿದರು.

ಮಾರ್ಚ್ 1ರಂದು ಕೊನೆಯ ಎರಡು ಕಂತುಗಳು ಒಂದೇ ರಾತ್ರಿ ಬಂದವು. ಕರ್ಮಿಟ್‌ಗೆ ತನ್ನ ಮನಸ್ಸಿನಲ್ಲಿ ಪಿಗ್ಗಿಯ ಮೇಲಿನ ಪ್ರೀತಿ ಇನ್ನೂ ಉಳಿದಿದೆ ಎಂಬುದು ಅರಿವಾಗುತ್ತದೆ. ನನಗೆ ಒಳಗೊಳಗೇ ಭಯ. ನಮ್ಮ ಹುಡುಗ ಇದನ್ನು ನೋಡಿ ಸುಳ್ಳು ಆಸೆ ಇಟ್ಟುಕೊಂಡರೆ? ಅವನು ನನ್ನತ್ತ ತಿರುಗಿ, "ಖಾಲಾ, ಇದು ಗೊಂಬೆಗಳ ಕತೆ. ಅಮ್ಮಿ ಅಬ್ಬಾ ಹಾಗಲ್ಲ" ಎಂದ. ಮುಂದಿನ ವಾರ ನಾನು ಊರಿಗೆ ಮರಳಿದೆ.

ಮೇ ತಿಂಗಳ ಒಂದು ಮುಂಜಾನೆ ವಾಟ್ಸಾಪಿನಲ್ಲಿ ಅವನ ಕರೆ. "ಖಾಲಾ, ನಿಲ್ಲಿಸಿಬಿಟ್ಟರು." ಎ.ಬಿ.ಸಿ. ವಾಹಿನಿ ಧಾರಾವಾಹಿಯನ್ನು ಕೈಬಿಟ್ಟಿತ್ತು. ಎರಡನೆಯ ವರ್ಷ ಇರುವುದಿಲ್ಲ. ನಾನು ಚಹಾ ಲೋಟ ಹಿಡಿದು ಅಂಗಳದಲ್ಲಿ ಕುಳಿತೆ. ಸರಿಯಾಗತೊಡಗಿದ್ದ ಹೊತ್ತಿಗೇ ನಿಲ್ಲಿಸಿದರಲ್ಲ ಎಂಬ ಸಂಕಟ. ಹೆನ್ಸನ್ ತೀರಿಕೊಂಡ ಮೇಲೆ 26 ವರ್ಷ ಕರ್ಮಿಟ್‌ಗೆ ಕೈ ಮತ್ತು ಧ್ವನಿ ಕೊಟ್ಟಿದ್ದ ಸ್ಟೀವ್ ವಿಟ್‌ಮೈರ್ ಅವರನ್ನೂ ಅದೇ ವರ್ಷದ ಅಕ್ಟೋಬರಿನಲ್ಲಿ ತೆಗೆದುಹಾಕಿದ್ದು 2017ರಲ್ಲಿ ಹೊರಬಂತು. ಕಪ್ಪೆ ಈಗ ಮ್ಯಾಟ್ ವೋಗೆಲ್ ಎಂಬ ಕಲಾವಿದರ ಕೈಯಲ್ಲಿದೆ. ಆಮೇಲೆ 2020ರಲ್ಲಿ 'ಮಪೆಟ್ಸ್ ನೌ' ಬಂತು, ಆರು ಕಂತು. 2023ರಲ್ಲಿ 'ಮಪೆಟ್ಸ್ ಮೇಹೆಮ್' ಬಂತು, ಹತ್ತು ಕಂತು. ಅವೂ ಒಂದೊಂದು ಸುತ್ತಿಗೇ ಮುಗಿದವು. ಆದರೂ ಕಪ್ಪೆ ಸಾಯುವುದಿಲ್ಲ, ನೋಡುತ್ತಿರಿ. ಹಳೆಯ ಕೋಟಿನ ಬಟ್ಟೆಯಲ್ಲಿ ಹುಟ್ಟಿದ್ದಕ್ಕೆ ಬಾಳಿಕೆ ಜಾಸ್ತಿ.

ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ರಜೆಯಲ್ಲಿ ಅರ್ಧ ದಿನಗಳು ತಾಯಿಯ ಬಳಿ, ಅರ್ಧ ದಿನಗಳು ತಂದೆಯ ಬಳಿ. ಅವನ ಶಾಲೆಯ ಕೊನೆಯ ಸಮಾರಂಭಕ್ಕೆ ಇಬ್ಬರೂ ಬಂದು ಒಂದೇ ಸಾಲಿನಲ್ಲಿ ಕುಳಿತಿದ್ದ ಫೋಟೋ ಕಳಿಸಿದ್ದ. ನಡುವೆ ಒಂದು ಕುರ್ಚಿ ಖಾಲಿ ಇತ್ತು, ಇರಲಿ. ಕಳೆದ ಸಲ ಶಿವಮೊಗ್ಗಕ್ಕೆ ಬಂದಾಗ ಲ್ಯಾಪ್‌ಟಾಪ್ ತೆರೆದು, "ಖಾಲಾ, ಆ ಅರ್ಧ ಕಂತು ನೋಡೋಣವಾ?" ಎಂದು ಕೇಳಿದ. ನಾನು ಬೇಡವೆಂದೆ. ರಾಬಿನ್‌ನ ಕತೆಯ ಉಳಿದರ್ಧ ನಮ್ಮ ಮನೆಯಲ್ಲೇ ನಡೆದುಹೋಗಿದೆ, ಅದಕ್ಕಿಂತ ಚೆನ್ನಾಗಿ ಅವರು ಏನು ತೋರಿಸಿಯಾರು? ನಾವು ಕರಡಿ ಅಳಿಯನ ಕಂತು ಹಾಕಿಕೊಂಡು ನಕ್ಕೆವು.

ಸಹೋದರಿಯರೇ, ಟಿ.ವಿ. ಎಲ್ಲ ಕೆಟ್ಟದು ಎಂದು ನಾನು ಹೇಳುವುದಿಲ್ಲ, ಎಲ್ಲ ಒಳ್ಳೆಯದು ಎಂದೂ ಹೇಳುವುದಿಲ್ಲ. ಒಂದೇ ಬೇಡಿಕೆ. ಮಗುವನ್ನು ಟಿ.ವಿ. ಮುಂದೆ ಒಂಟಿಯಾಗಿ ಕೂರಿಸಿ ನಿಮ್ಮ ಕೆಲಸಕ್ಕೆ ಹೋಗಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಅದು ಎಲ್ಲಿ ನಗುತ್ತದೆ ಎಂಬುದನ್ನು ನೋಡಿ. ಅದಕ್ಕಿಂತ ಹೆಚ್ಚಾಗಿ, ಎಲ್ಲರೂ ನಗುವಾಗ ಅದು ಎಲ್ಲಿ ನಗುವುದಿಲ್ಲ ಎಂಬುದನ್ನು ನೋಡಿ. ನಿಮ್ಮ ಮನೆಯಲ್ಲೂ ಯಾವುದೋ ಕಪಾಟು ಖಾಲಿಯಾಗಿದ್ದರೆ, ಯಾರೋ ಬಾರದ ಊರಿಗೆ ಹೋಗಿದ್ದರೆ, ಕಾಯಿಲೆಯೋ ಸಾಲವೋ ಬಾಗಿಲಲ್ಲಿ ನಿಂತಿದ್ದರೆ, ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ನೀವೇ ಹೇಳಿ. ನೀವು ಹೇಳದಿದ್ದರೂ ಅದಕ್ಕೆ ತಿಳಿದಿರುತ್ತದೆ. ಒಬ್ಬಂಟಿಯಾಗಿ ತಿಳಿದಿರುತ್ತದೆ, ಅಷ್ಟೇ.